ಮಾವನವರಿಗೆ ದಕ್ಕದ ಕಲ್ಲು

ನನ್ನ ಮಾವನವರೇ,

ಹೋದವರನ್ನು ಕ್ಷೇಮವೇ ಎಂದು ಕೇಳುವುದು ಹೇಗೆ? ಕೇಳುವುದಿಲ್ಲ, ನಮ್ಮದನ್ನೇ ಹೇಳುತ್ತೇನೆ. ಧೋತರಕ್ಕೆ ಮಸಿ ಹತ್ತಿಸಿಕೊಂಡಿರೆಂದು ಅತ್ತೆಯವರು ಬೈಯಲು ನೀವಿಲ್ಲ. ಹಾಗಾಗಿ ಅವರ ಬೈಗುಳವೆಲ್ಲ ಈಗ ನನ್ನ ಪಾಲು.

ನಾನು ಮಕ್ತಲಿನ ಈ ಮನೆಗೆ ಸೊಸೆಯಾಗಿ ಬಂದ ಹೊಸತು. ಅಂಗಡಿಗೆ ಸೀರೆ ತರಲು ಗದ್ವಾಲಿಗೆ ಹೋಗಿದ್ದ ನೀವು ಬಂಡಿಯಿಂದ ಸೀರೆಗಿಂತ ಮೊದಲು ಇಳಿಸಿದ್ದು ಒಂದು ಸುರುಳಿ ಕಾಗದ. ಅಲಂಪುರದ ಶಾಸನಕ್ಕೆ ಒದ್ದೆ ಕಾಗದ ಹಚ್ಚಿ, ಕುಂಚದಿಂದ ಬಡಿದು, ಮಸಿ ಒತ್ತಿ ತೆಗೆದ ಅಚ್ಚು. ಪಡಸಾಲೆಯಲ್ಲಿ ಹರಡಿ, "ಬಾರವ್ವ, ನಮ್ಮ ಸೀಮಿ ಮಾತಾಡಾಕತ್ತೈತಿ, ಕೇಳು" ಎಂದಿರಿ. ಬೇರೆ ಮನೆಗಳಲ್ಲಿ ಸೊಸೆಗೆ ಮೊದಲು ಉಪ್ಪು ಖಾರದ ಹದ ಹೇಳುತ್ತಾರೆ. ನೀವು ರಂಗೋಲಿ ಪುಡಿಯಿಂದ ನೆಲದ ಮೇಲೆ ಹಳೆಯ ಅಕ್ಷರ ಬರೆದು ತಿದ್ದಿಸಿದಿರಿ. ಎಂಥ ಮಾವ ಸಿಕ್ಕರಪ್ಪ ನನಗೆ!

ಹೈದರಾಬಾದಿನಿಂದ ಶಾಸನ ಓದುವ ಪಂಡಿತರು ಬಂದಾಗಿನ ನಿಮ್ಮ ಸಡಗರ ನೆನಪಾಗುತ್ತದೆ. ನಾರಾಯಣಪೇಟೆಯ ಮಗ್ಗ, ಗದ್ವಾಲಿನ ಕೋಟೆ, ಅಲಂಪುರದ ಗುಡಿಗಳನ್ನೆಲ್ಲ ನೀವೇ ಕಟ್ಟಿಸಿದವರಂತೆ ತೋರಿಸುತ್ತಿದ್ದಿರಿ. ಇಲ್ಲಿ ಎಡವಿದ ಕಲ್ಲಿಗೂ ಕಥೆಯಿದೆ, ಕಲಿಯುವವರು ಇನ್ನೆಲ್ಲಿಗೆ ಹೋಗಬೇಕು ಎನ್ನುತ್ತಿದ್ದಿರಿ. ಆದರೆ ನಮ್ಮದೇ ಓಣಿಯ ಬಾವಿಯ ಪಕ್ಕದ ಕಲ್ಲು ನಿಮಗೆ ದಕ್ಕಲಿಲ್ಲ.

ಅದು ಬಾವೆವ್ವ, ಓಣಿಯವರು ಪೂಜಿಸುವ ದೇವಿ. ಮೈತುಂಬ ಎಣ್ಣೆ ಕುಂಕುಮ, ಮೇಲೆ ಸೀರೆ. ಅಂಚಿನ ಕೆಳಗೆ ಇಣುಕುವ ಒಂದೆರಡು ಅಕ್ಷರ ಕಂಡು ನೀವು ಚಡಪಡಿಸಿದ್ದೇ ಚಡಪಡಿಸಿದ್ದು. ವರ್ಷಕ್ಕೊಮ್ಮೆ ಶ್ರಾವಣದಲ್ಲಿ ಓಣಿಯ ಸೊಸೆಯಂದಿರೇ ಅವಳಿಗೆ ನೀರೆರೆದು ಹೊಸ ಸೀರೆ ಉಡಿಸಬೇಕು. ಗಂಡಸರು ಆಗ ಆ ಕಡೆ ಸುಳಿಯುವಂತಿಲ್ಲ. ಸೀರೆ ನಮ್ಮ ಅಂಗಡಿಯದು ಎಂಬ ಸಲಿಗೆಯಿಂದ ನೀವು ಓಣಿಯ ಹಿರಿಯಳಾದ ಭೀಮವ್ವನನ್ನು ಕೇಳಿಯೇಬಿಟ್ಟಿರಿ. "ಸೀರಿ ಕೊಟ್ಟೀರಿ ಅಂತ ಅವ್ವನ ಮೈ ನೋಡಾಕ ಬರ್ತೈತೇನ್ರೀ ಸಾವ್ಕಾರ್ರ?" ಎಂದಳು. ನಾಚಿ ನೀರಾಗಿ ಮನೆಗೆ ಬಂದಿರಿ, ಮತ್ತೆಂದೂ ಕೇಳಲಿಲ್ಲ.

ಬೇಕಾದರೆ ತಹಶೀಲ್ ಕಚೇರಿಯಿಂದ ಹುಕುಂ ತರುತ್ತೇನೆಂದು ಪಂಡಿತರು ಅಂದಾಗಲೂ ನೀವು ಒಪ್ಪಲಿಲ್ಲ. ಹುಕುಂ ಬಂದರೆ ಕಲ್ಲೇ ಹೈದರಾಬಾದಿಗೆ ಹೋದೀತೆಂದು ನನ್ನೊಬ್ಬಳ ಮುಂದೆ ಹೇಳಿದಿರಿ. ಆ ಮರ್ಯಾದೆಗೇ ನೀವೆಂದರೆ ನನಗೆ ಜೀವ. ಆದರೂ ಕಡೆಯ ಜ್ವರದಲ್ಲಿ ಕನವರಿಸಿದ್ದು ಅದನ್ನೇ. ಯಾವ ಅರಸನ ಗೆಲುವು ಬರೆದಿದೆಯೋ, ತಿಳಿಯದೆ ಹೋಗುತ್ತೇನಲ್ಲ ಎಂದು... ನನಗೆ ಅದನ್ನು ಮರೆಯಲಾಗಲಿಲ್ಲ ಮಾವ.

ಎಣ್ಣೆಯ ಪದರು ಎಷ್ಟು ದಪ್ಪವೆಂದರೆ ಪ್ರತಿ ವರ್ಷ ಎರೆಯುವ ನಮಗೂ ಉಳಿದ ಅಕ್ಷರ ಕಾಣುತ್ತಿರಲಿಲ್ಲ. ಈ ಶ್ರಾವಣದಲ್ಲಿ ಭೀಮವ್ವನ ಕೈ ಹಿಡಿದು, ಬಿಸಿನೀರು ಹೊಯ್ದು ಸೀಗೆಕಾಯಿ ಹಚ್ಚಿ ತಿಕ್ಕಲೇ, ಅಲ್ಲಿ ಬರೆದದ್ದನ್ನು ನಮ್ಮ ಮಾವನವರಿಗೆ ಹೇಳಬೇಕು ಎಂದೆ. ಅವಳು ಕಲ್ಲಿನ ಮೇಲಿನ ಹಳೆಯ ಸೀರೆ ಬಿಚ್ಚುತ್ತ ಹೇಳಿದಳು:

"ಓಣಿ ಗಂಡಸ್ರಿಗಿ ಹೇಳಬ್ಯಾಡ, ಆ ಹೈದ್ರಾಬಾದಿನವ್ರಿಗೂ ಬ್ಯಾಡ. ನಿಮ್ಮ ಮಾವಗ ಹೇಳು. ಹೋದವ್ರು ಗಂಡಸೂ ಅಲ್ಲ, ಹೆಂಗಸೂ ಅಲ್ಲ."

ಎಲ್ಲರೂ ಸೇರಿ ತಿಕ್ಕಿದೆವು. ನೀವು ತಿದ್ದಿಸಿದ ಅಕ್ಷರಗಳೇ ಒಂದೊಂದಾಗಿ ಮೇಲೆದ್ದವು. ಅರಸನೂ ಇಲ್ಲ, ಯುದ್ಧವೂ ಇಲ್ಲ. ಗಂಡ ಸತ್ತ ಮೇಲೆ ತಾನೇ ಮಗ್ಗ ನಡೆಸಿದ ಒಬ್ಬ ನೇಕಾರಗಿತ್ತಿ ಆ ದುಡಿಮೆಯಲ್ಲಿ ಈ ಬಾವಿ ತೋಡಿಸಿದಳಂತೆ. ನೀರಿಗೆ ಬಂದವರನ್ನು ಯಾರೂ ತಡೆಯಬಾರದೆಂದು ಬರೆಸಿದ್ದಾಳೆ. ಇದನ್ನು ಹೆಂಗಸರಿಗೆ ಹೇಳಲು ಅಂಜಿದೆ. ದೇವಿಯಲ್ಲ, ನಮ್ಮಂಥವಳೇ ಎಂದರೆ ಏನಂದುಕೊಂಡಾರು? ಕಡೆಗೆ ಓದಿ ಹೇಳಿದೆ. ಭೀಮವ್ವ, "ನೀರು ಕೊಟ್ಟಾಕಿ ಅವ್ವ ಅಲ್ದ ಮತ್ಯಾರು?" ಎಂದು ಸೀರೆಯ ನೆರಿಗೆ ಹಿಡಿಯತೊಡಗಿದಳು.

ಪಂಡಿತರು ದಸರೆಗೆ ಬರುತ್ತಾರಂತೆ. ಹೊಟ್ಟೆತುಂಬ ಉಣಬಡಿಸಿ, ಬಂಡಿ ಕಟ್ಟಿಸಿ ಅಲಂಪುರಕ್ಕೆ ಕಳಿಸುತ್ತೇನೆ. ಬಾವೆವ್ವನ ಮಾತನ್ನು ಎತ್ತುವುದಿಲ್ಲ. ನಿಮಗೆ ಮಾತ್ರ ಹೇಳಿದ್ದೇನೆ, ಕಲ್ಲಿನಲ್ಲಿದ್ದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಕೇಳಿಸುತ್ತಿದೆಯೇ ಮಾವ? ಆಕೆಯ ಹೆಸರು ಚಾಗಬ್ಬೆ.