ಲಕ್ಕವ್ವಾ, ತೋಳನ ದಿನ್ನೆ ತೋರಿಸಬೇಡ

ಇಸವಿ ಎರಡು ಸಾವಿರದ ನೂರ ಅರವತ್ತೊಂದು, ಎರಡನೆಯ ಬೇಸಿಗೆಯ ನಲವತ್ತನೆಯ ದಿನ.

ಲಕ್ಕವ್ವನಿಗೆ ಬೀರವ್ವ ಕೈಮುಗಿದು ಬರೆಯುವುದು. ತಾರೀಖು ನೋಡಿ ಕಾಗದವನ್ನು ಒಲೆಗೆ ಹಾಕಬೇಡ. ನೀನು ನನ್ನ ಅಜ್ಜಿಯ ಅಜ್ಜಿ. ಆದರೆ ಇದು ನಿನ್ನ ಕೈಸೇರುವಾಗ ನಿನಗೆ ಮೂವತ್ತು, ನನಗೆ ಎಪ್ಪತ್ತು. ಸಂಬಂಧದಲ್ಲಿ ನೀನು ಹಿರಿಯಳು, ವಯಸ್ಸಿನಲ್ಲಿ ನಾನು. ಹಾಗಾಗಿ ಕೈಮುಗಿಯುವವಳೂ ನಾನೇ, ಬೈಯುವವಳೂ ನಾನೇ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳ ಬರಹ ಇದು. ಮಾತು ವಿಚಿತ್ರ ಅನ್ನಿಸಿದರೆ ತಪ್ಪು ಅರ್ಧ ನನ್ನದು, ಅರ್ಧ ಕಾಲದ್ದು.

ನಮಗೀಗ ವರ್ಷಕ್ಕೆ ಎರಡು ಬೇಸಿಗೆ. ನಡುವೆ ಬರುವ ತಿಂಗಳುಗಳಿಗೆ ಯಾರೂ ಹೆಸರಿಟ್ಟಿಲ್ಲ, ಇಡುವಷ್ಟು ಅವು ನಿಲ್ಲುವುದೂ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ನೆರಳುಗಂಟೆ ಹೊಡೆಯುತ್ತದೆ. ಅದು ಹೊಡೆದ ಮೇಲೆ ಸಂಜೆಯವರೆಗೆ ಬಾಗಿಲು ತೆರೆಯುವಂತಿಲ್ಲ, ಬಿಸಿಲಿಗೆ ಬಿದ್ದವರನ್ನು ಎತ್ತಲು ಹೋದವರೂ ಬೀಳುತ್ತಾರೆ. ಮೋಡ ಬರುತ್ತದೆ, ಗುಡುಗುತ್ತದೆ, ಹನಿ ನೆಲ ಮುಟ್ಟುವ ಮೊದಲೇ ಆರಿಹೋಗುತ್ತದೆ. ಇದಕ್ಕೆ ಒಣಮಳೆ ಅನ್ನುತ್ತೇವೆ. ಕುರುಬರ ಮನೆಯವರಾದ ನಾವು ಕುರಿಯನ್ನು ತಗಡಿನ ಕೊಟ್ಟಿಗೆಯಲ್ಲಿ ಕೂಡಿಹಾಕಿ, ಚೀಲದ ಗುಳಿಗೆ ಮೇವು ತಿನ್ನಿಸುತ್ತೇವೆ. ಅವಕ್ಕೆ ನಡೆಯುವುದೇ ಮರೆತುಹೋಗಿದೆ. ಮೊಮ್ಮಗಳು ಮಾಯವ್ವನ ಕೂಸಿಗೆ ಏಳು ವರ್ಷ. ಮಟಮಟ ಮಧ್ಯಾಹ್ನ ಕಾಲಡಿಗೆ ಮುದುಡಿಕೊಳ್ಳುವ ತನ್ನ ನೆರಳನ್ನು ಅದು ಒಮ್ಮೆಯೂ ನೋಡಿಲ್ಲ.

ನಿನ್ನ ಕಾಲದಲ್ಲಿ ಊರ ಮಗ್ಗುಲಿಗೆ ಹುಲ್ಲಿನ ಕಾವಲಿತ್ತು, ಮಂದೆ ಮೇಯುವ ಬಯಲು. ಸೊಂಟದೆತ್ತರದ ಕರಡದ ಹುಲ್ಲು, ಅದರೊಳಗೆ ಗೌಜಲಕ್ಕಿ, ಮೊಲ, ನರಿ. ದಿನ್ನೆಯ ಮೇಲೆ ತೋಳನ ಬಿಲ. ತೋಳ ಒಯ್ದ ಮರಿಯನ್ನು ನೀವು ತೋಳನ ಪಾಲು ಅಂದು ಬಿಟ್ಟುಕೊಡುತ್ತಿದ್ದಿರಂತೆ. ಅದು ಬರಿಯ ಭಕ್ತಿಯಲ್ಲ. ತೋಳನ ಅಂಜಿಕೆಗೆ ಮಂದೆ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಮಂದೆ ಮುಂದೆ ಸರಿದಂತೆ ಹಿಂದೆ ಹುಲ್ಲು ಚಿಗುರುತ್ತಿತ್ತು.

ಬರುವ ಸೋಮವಾರ ನಿಮ್ಮೂರಿಗೆ ಸಸಿ ತುಂಬಿದ ಲಾರಿ ಬರುತ್ತದೆ. ಜೊತೆಗೊಬ್ಬ ಸಾಹೇಬ. ಕಾವಲು ಖಾಲಿ ಬಿದ್ದಿದೆ, ಮರ ನೆಟ್ಟರೆ ಭೂಮಿ ತಂಪಾಗುತ್ತದೆ ಅನ್ನುತ್ತಾನೆ. ಖಾಲಿಯಂತೆ! ಕಾರ್ಖಾನೆಯ ಹೊಗೆ ಉಗುಳಿದವರು ಎಲ್ಲಿಯವರೋ, ಆ ಹೊಗೆಯ ಲೆಕ್ಕ ತೀರಿಸಲು ಮರ ನಮ್ಮ ಹುಲ್ಲಿನ ಮೇಲೆ. ಕಲ್ಲುನೆಲ ಅಗೆದು ಹೆಂಗಸರ ಕೈಗೆ ಬೊಬ್ಬೆ ಬರುತ್ತದೆ. ಆಗ ಅವನು ನಿನ್ನ ಕಡೆ ತಿರುಗುತ್ತಾನೆ. ಮುಂದಿನದನ್ನು ನೀನೇ ನನ್ನ ಅಜ್ಜಿಗೆ ಹೇಳಿದ್ದೀಯ, ಸಾಯುವ ಮುಂಚೆ: “ನಾನ ತೋರಿಸೀನವಾ. ಮೆತ್ತನ್ನ ನೆಲ ಎಲ್ಲೈತಿ ಯವ್ವಾ ಅಂದ. ಅಲ್ಲೀತನಕ ನನಗ ಯಾರೂ ಏನೂ ಕೇಳಿದ್ದಿಲ್ಲ. ಹಿಗ್ಗಿಬಿಟ್ಟೆ.”

ತೋಳ ಮೆತ್ತಗಿನ ನೆಲದಲ್ಲೇ ಬಿಲ ತೋಡುತ್ತದೆ. ಆ ನೆಲ ಗೊತ್ತಿದ್ದುದು ಕುರಿ ಕಾಯ್ದ ನಿನಗೆ ಮಾತ್ರ. ನೀನು ಬೆರಳು ಮಾಡಿದೆ, ದಿನ್ನೆ ಅಗೆದರು, ತಾಯಿತೋಳ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಹೋಯಿತು. ಮತ್ತೆ ಬರಲಿಲ್ಲ. ಅಂಜಿಕೆ ಹೋಯಿತೆಂದು ಮಂದೆಗಳು ಕೂತಲ್ಲೇ ಕೂತು ಬೇರಿನ ತನಕ ಮೇಯ್ದವು. ಉಳಿದ ಹುಲ್ಲು ಮರದಡಿ ಬಿಸಿಲು ಕಾಣದೆ ಸತ್ತಿತು. ಮರಗಳು ಬಾವಿಯನ್ನೂ ಕುಡಿದು ಹನ್ನೆರಡನೆಯ ವರ್ಷಕ್ಕೆ ಒಣಗಿದವು, ಒಂದು ಮಧ್ಯಾಹ್ನ ಹೊತ್ತಿ ಉರಿದವು. ಆಮೇಲೆ ಹಿಡಿದಿಡುವ ಬೇರಿಲ್ಲದೆ ಮಣ್ಣು ಗಾಳಿಗೆ ಹೋಯಿತು. ಆ ಧೂಳನ್ನು ಇವತ್ತಿಗೂ ನಾನು ದಿನಾ ಎರಡು ಸಲ ಗುಡಿಸುತ್ತೇನೆ.

ಮಾಯವ್ವ ಇಣುಕಿ ನೋಡಿ ನಗುತ್ತಿದ್ದಾಳೆ. “ಸತ್ತಾಕಿಗೆ ಕಾಗದ ಬರಿಯಾಕತ್ತೀಯೇನಬೇ ಆಯಿ? ಉತ್ತರ ಬಂದ್ರ ನನಗೂ ತೋರಸು.”

“ಬದುಕಿದ್ದವರು ಮಾತು ಕೇಳಿದ್ರ ಸತ್ತವರಿಗ್ಯಾಕ ಬರೀತಿದ್ನಿ? ಹೋಗು, ಕುರಿಗೆ ನೀರಿಡು,” ಅಂದೆ.

ಲೋಕದ ಬಿಸಿಗೆಲ್ಲ ನೀನು ಹೊಣೆಯಲ್ಲ, ತಾಯಿ. ನೀನು ಬಾಯಿ ಮುಚ್ಚಿಕೊಂಡರೆ ನೆರಳುಗಂಟೆ ನಿಲ್ಲುತ್ತದೆ ಎಂದು ನಂಬುವಷ್ಟು ಹುಚ್ಚಿಯಲ್ಲ ನಾನು. ಆದರೆ ಆ ದಿನ್ನೆ ಉಳಿದರೆ ಒಂದಿಷ್ಟು ಹುಲ್ಲು ಉಳಿದೀತು. ಹುಲ್ಲು ಉಳಿದರೆ ಮಣ್ಣು ನಿಂತೀತು, ಬಾವಿಯ ತಳದಲ್ಲಿ ನೀರು ನಿಂತೀತು. ಲಾರಿ ತಡೆ ಎಂದು ನಾನು ಕೇಳುತ್ತಿಲ್ಲ, ಅದು ನಿನ್ನ ಕೈಲಾಗದು. ಸಾಹೇಬ ಕೇಳಿದಾಗ ಗೊತ್ತಿಲ್ಲ ಅನ್ನು, ಅಷ್ಟೆ. ಜನ್ಮಕ್ಕೊಮ್ಮೆ ಒಬ್ಬರು ಕೇಳಿದಾಗ ಗೊತ್ತಿದ್ದೂ ಗೊತ್ತಿಲ್ಲ ಅನ್ನುವುದು ಎಷ್ಟು ಕಷ್ಟ ಎಂದು ನನಗೆ ತಿಳಿಯುತ್ತದೆ. ನನ್ನನ್ನೂ ಯಾರೂ ಕೇಳುವುದಿಲ್ಲ. ಇಷ್ಟು ವರ್ಷ ಕುರಿ ಕಾಯ್ದವಳಿಗೆ ಇದೂ ಗೊತ್ತಿಲ್ಲವೇ ಎಂದು ಅವನು ನಕ್ಕಾನು, ಜೊತೆಯವರೂ ನಕ್ಕಾರು. ನಗಲಿ. ಒಂದು ದಿನದ ಮಟ್ಟಿಗೆ ದಡ್ಡಿಯಾಗು. ದಡ್ಡಿಯ ವಂಶದವರು ಅನ್ನಿಸಿಕೊಂಡು ನಾವು ಸುಖವಾಗಿರುತ್ತೇವೆ.

ಬೀರವ್ವ