ಲೊರೆಶೋದಿಂದ ತಂದ ನಾಟ್ಯದ ಅಂಗಿ

ನೈರೋಬಿ
ಆಗಸ್ಟ್ ೧೧, ೨೦೨೪, ಭಾನುವಾರ

ಮಗಳು ಪ್ರಣತಿಗೆ ಗಂಗಾಧರ ಚಿಕ್ಕಪ್ಪನ ಆಶೀರ್ವಾದ.

ಬ್ಯಾಲೆ ಉಡುಪಿನ ವಿಷಯದಲ್ಲಿ ಈಗ ಆಫ್ರಿಕಾ ಖಂಡಕ್ಕೆಲ್ಲ ನಾನೊಬ್ಬನೇ ಪಂಡಿತ ಎಂಬುದು ನಿನಗೆ ತಿಳಿದಿರಲಿ. ಪ್ಯಾರಿಸ್ಸಿನಿಂದ ವಾರಕ್ಕೆ ಮೂರು ಫೋನು ಬರುತ್ತವೆ, ಫ್ರೆಂಚಿನಲ್ಲೇ ಉತ್ತರ ಕೊಡುತ್ತೇನೆ. ಏಳನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವನು ಎಂದು ನಗುತ್ತಿದ್ದವರೆಲ್ಲ ಈಗ ಬಾಗಿಲಲ್ಲಿ ನಿಂತು ಕಾಯುತ್ತಾರೆ. ಇರಲಿ. ನಿನ್ನ ಕೆಮ್ಮು ಹೇಗಿದೆ? ಲಂಡನ್ನಿನ ಆ ರೂಮಿನ ಗೋಡೆ ತೇವ ಹಿಡಿಯುತ್ತದೆ ಎಂದು ನೀನೇ ಹೇಳಿದ್ದೆ. ಮಂಚವನ್ನು ಗೋಡೆಯಿಂದ ಈಚೆ ಎಳೆದುಕೋ. ಇಲ್ಲಿ ಈ ಸಲ ಚಳಿ ಜೋರಾಗಿದೆ. ಪಾರ್ವತಿ ಚಿಕ್ಕಮ್ಮನಿಗೆ ಮಂಡಿ ಹಿಡಿದುಕೊಂಡಿದೆ, ನನಗೆ ಮಾತ್ರ ಏನೂ ಆಗುವುದಿಲ್ಲ, ಅದು ನಿನಗೆ ಗೊತ್ತಿರುವುದೇ.

ಎರಡನೇ ವರ್ಷದ ಫೀಸು ಕಟ್ಟಿದಿರಾ ಎಂದು ನೀನು ಫೋನಿನಲ್ಲಿ ಮತ್ತೆ ಮತ್ತೆ ಕೇಳಿದೆ. ನೆಟ್‌ವರ್ಕ್ ಸರಿಯಿಲ್ಲ ಎಂದು ನಾನು ಫೋನು ಇಟ್ಟುಬಿಟ್ಟೆ. ನೆಟ್‌ವರ್ಕ್ ಸರಿಯಾಗಿಯೇ ಇತ್ತು. ವೀಡಿಯೊದಲ್ಲಿ ನೀನು ನನ್ನ ಮುಖ ನೋಡುತ್ತೀಯ, ಅದಕ್ಕೇ ಈ ಕಾಗದ. ನಮ್ಮ ಲಕ್ಷ್ಮೀಶ ಬ್ಯಾಂಕಿನ ಕೆಲಸದ ಮೇಲೆ ಅಲ್ಲಿಗೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಫೀಸಿನ ಮಾತಿಗೆ ಬರುತ್ತೇನೆ, ಮೊದಲು ನನ್ನ ವ್ಯಾಪಾರ ಎಂಥದೆಂದು ಕೇಳು.

ಜೂನ್ ತಿಂಗಳಲ್ಲಿ ಇಲ್ಲಿಯ ಲೊರೆಶೋ ಬಡಾವಣೆಯಲ್ಲಿ ಒಬ್ಬಳು ಬಿಳಿ ಮುದುಕಿ ತೀರಿಕೊಂಡಳು. ಹಿಂದೆ ಮುಂದೆ ಯಾರೂ ಇರಲಿಲ್ಲ. ಮನೆಯ ಸಾಮಾನು ಮಾರುವ ಕೆಲಸ ಡೆಂಜಿಲ್‌ಗೆ ಬಂತು. ಅವನೇ, ನಮ್ಮ ಬಟ್ಟೆ ಫ್ಯಾಕ್ಟರಿಯ ಹಳೇ ಮಿಷನ್ನುಗಳನ್ನು ಕೊಂಡುಹೋಗುವ ಗೋವಾದವನು. ಒಂದು ಪೆಟ್ಟಿಗೆಯಲ್ಲಿ ವಿಚಿತ್ರವಾದ ಅಂಗಿ ಇದೆ, ಬಟ್ಟೆ ಬಲ್ಲವನು ನೀನೊಬ್ಬನೇ, ಬಂದು ನೋಡು ಎಂದ. ಇಂಡಸ್ಟ್ರಿಯಲ್ ಏರಿಯಾದ ಜಾಮಿನಲ್ಲಿ ಸಿಕ್ಕಿಕೊಂಡು ಮಧ್ಯಾಹ್ನವೆಲ್ಲ ಕಳೆದು ಅಲ್ಲಿಗೆ ಹೋದೆ. ಪೆಟ್ಟಿಗೆ ತೆರೆದ ಕೂಡಲೇ ಹಳೇ ಉಡುಪು ಕಾಪಾಡುವ ನಿನ್ನ ಕಾಲೇಜಿನ ಪಾಠವೆಲ್ಲ ನೆನಪಾಯಿತು. ನೂರು ವರ್ಷದ ಹಿಂದೆ ಪ್ಯಾರಿಸ್ಸಿಗೆ ಬಂದ ರಷ್ಯದ ತಂಡದವರು ಬಿಗಿ ಕಟ್ಟು, ಬಿಳಿ ಜಾಲರಿಯ ಲಂಗ ಬಿಸಾಕಿ, ಚಿತ್ರಕಾರರಿಂದ ಉಡುಪು ಬರೆಸಿಕೊಂಡು, ಮೈ ಬಿಟ್ಟು ಕುಣಿದರು ಎಂದು ಅಡುಗೆಮನೆ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದೆಯಲ್ಲ, ಅದೇ. ಕಿತ್ತಳೆ ಬಣ್ಣದ ರೇಷ್ಮೆ, ಎದೆಯ ಮೇಲೆ ಹಿತ್ತಾಳೆ ಬೊಟ್ಟು, ತೋಳಿನ ತುಂಬ ನಮ್ಮ ಕಡೆಯದೆಂದು ಹೇಳಿಕೊಳ್ಳುವ ಬಳ್ಳಿ. ದೇವಸ್ಥಾನದಲ್ಲಿ ಕುಣಿಯುವವಳೋ, ತುರ್ಕಿಯ ಸುಲ್ತಾನನ ಹೆಂಡತಿಯೋ, ಹೊಲಿದವನಿಗೇ ಗೊತ್ತಿದ್ದಂತಿಲ್ಲ. ದೂರದಿಂದ ನೋಡಿದರೆ ಅಪ್ಪಟ ಜರಿ. ಹತ್ತಿರ ಹೋದರೆ ಎಲ್ಲ ಕುಂಚದಲ್ಲಿ ಬಳಿದ ಬಣ್ಣ. ಮುದುಕಿಯ ತಾಯಿ ಆ ತಂಡದಲ್ಲಿ ಕುಣಿದವಳಂತೆ.

ಡೆಂಜಿಲ್ ಒಬ್ಬ ವ್ಯಾಪಾರದ ಹೆಂಗಸಿಗೆ ಫೋನು ಮಾಡಿದ. ಹಳೇ ರಂಗದ ಉಡುಪು ಕೊಂಡು ದೇಶದೇಶಕ್ಕೆ ಮಾರುವವಳು. ನಿಜವಾದದ್ದೇ ಆದರೆ ನೀವು ಕೊಟ್ಟದ್ದರ ಮೂರರಷ್ಟು ಕೊಡುತ್ತೇನೆ, ಎರಡು ವಾರದಲ್ಲಿ ಬರುತ್ತೇನೆ ಎಂದಳು. ಕೊರಳಪಟ್ಟಿಯ ಒಳಗೆ ಮಸಿಯಲ್ಲಿ ಹೆಸರು ಇದೆ ಎಂದು ಡೆಂಜಿಲ್ ಹೇಳಿದಾಗ ಅವಳ ದನಿಯೇ ಬದಲಾಯಿತಂತೆ. ನನಗೆ ಆಗ ತಲೆಯಲ್ಲಿದ್ದದ್ದು ಒಂದೇ. ಅಣ್ಣ ತೀರಿಕೊಂಡಾಗ ಅವನು ಕೆಲಸಕ್ಕಿದ್ದ ಔಷಧದ ಕಂಪನಿಯವರು ನಿನ್ನ ಹೆಸರಿಗೆ ಕೊಟ್ಟು, ನನ್ನ ಕೈಯಲ್ಲಿ ಇಟ್ಟ ದುಡ್ಡು ಎರಡನೇ ವರ್ಷಕ್ಕೆ ಸರಿಹೋಗುತ್ತದೆ. ಮೂರನೆಯದಕ್ಕೆ ಏನು ಮಾಡುವುದು? ನಿನಗೆ ಹೇಳಿದ್ದರೆ ಸಸ್ಪೆನ್ಸ್ ಹಾಳಾಗುತ್ತಿತ್ತು. ಕೊನೇ ವರ್ಷದ ಫೀಸನ್ನೂ ಒಟ್ಟಿಗೇ ಕಟ್ಟಿ, ರಸೀದಿಯ ಫೋಟೊ ಕಳಿಸಿ, ನಿನ್ನ ಬಾಯಿ ಮುಚ್ಚಿಸಬೇಕು ಎಂದುಕೊಂಡಿದ್ದೆ.

ಡೆಂಜಿಲ್ ಹೇಳಿದ ಬೆಲೆ ಕೊಟ್ಟು ಅಂಗಿಯನ್ನು ಮನೆಗೆ ತಂದೆ. ಪಾರ್ವತಿ ಹೊಸಿಲಲ್ಲೇ ಅಡ್ಡ ನಿಂತಳು. "ಸತ್ತವರ ಮೈಮೇಲಿನ ಬಟ್ಟೆ ರೀ, ನೀರು ಮುಟ್ಟಿಸದೆ ಒಳಗೆ ತರಬೇಡಿ" ಎಂದಳು. ಈ ಮಾತಿನಲ್ಲಿ ತಪ್ಪಿಲ್ಲ, ಸಾವಿನ ಮನೆಯಿಂದ ಬಂದ ಬಟ್ಟೆಗೆ ನಮ್ಮಲ್ಲಿ ಎಲ್ಲರೂ ಮಾಡುವುದೇ. ಅವಳು ತಂಬಿಗೆಯಲ್ಲಿ ನೀರು ತಂದು ನಾಲ್ಕು ಹನಿ ಚಿಮುಕಿಸಿದಳು, ಅವಳ ಲೆಕ್ಕಕ್ಕೆ ಮುಗಿಯಿತು. ಆದರೆ ಕೊರಳಪಟ್ಟಿಯಲ್ಲಿ, ಕಂಕುಳಲ್ಲಿ ಹಳದಿಗಟ್ಟಿದ ಕೊಳೆ ಇತ್ತು. ಮುಖಕ್ಕೆ ಬಳಿದ ಬಣ್ಣ ಕತ್ತಿಗೆ ಇಳಿದು ಅಂಟಿಕೊಂಡಿತ್ತು. ಗಿರಾಕಿಗೆ ಇಂಥದನ್ನು ತೋರಿಸುವುದೇ? ಕಳಿಸಿದ ಫೋಟೊದಲ್ಲೂ ನಾಚಿಕೆಯಾಗಿ ಮುಂಭಾಗ ಮಾತ್ರ ತೆಗೆದಿದ್ದೆ. ಕೊಳ್ಳೇಗಾಲದ ರೇಷ್ಮೆ ನೋಡಿ ಬೆಳೆದವನು ನಾನು, ಇಪ್ಪತ್ತು ವರ್ಷದ ಕಟಿಂಗ್ ಮಾಸ್ಟರ್. "ಬಿಡೇ, ನನಗೆ ಕಲಿಸ್ತೀಯ" ಎಂದು ಟಬ್ಬಿನಲ್ಲಿ ಅಂಟವಾಳದ ನೀರು ಮಾಡಿ, ಮದುವೆ ಸೀರೆ ಅದ್ದುವ ಹಾಗೆ ಮೆತ್ತಗೆ ಅದ್ದಿದೆ.

ನೀರು ಮೊದಲು ಕಿತ್ತಳೆಯಾಯಿತು, ಆಮೇಲೆ ಕಂದಾಯಿತು. ಎತ್ತುವಷ್ಟರಲ್ಲಿ ತೋಳಿನ ಬಳ್ಳಿಯ ಚಿನ್ನವೆಲ್ಲ ಪುಡಿಯಾಗಿ ಟಬ್ಬಿನ ತಳಕ್ಕೆ ಇಳಿದಿತ್ತು. ಪಾರ್ವತಿ ಹಿಂದೆ ನಿಂತು ನೋಡುತ್ತಿದ್ದಳು. ಹೊಸ ಬಟ್ಟೆಯೂ ಮೊದಲ ಒಗೆತಕ್ಕೆ ಬಣ್ಣ ಬಿಡುತ್ತದೆ ಎಂದೆ ನಾನು. ನೆರಳಲ್ಲಿ ಒಣಗಿಸಿದೆ. ಕೊರಳಪಟ್ಟಿ ಹಾಲಿನ ಹಾಗೆ ಬೆಳ್ಳಗಾಗಿತ್ತು. ನಿಜ ಹೇಳುತ್ತೇನೆ ಮಗಳೇ, ಅದನ್ನು ನೋಡಿ ನನಗೆ ಹೆಮ್ಮೆಯೇ ಆಯಿತು.

ಆ ಹೆಂಗಸು ಇಲ್ಲಿಯ ಹರ್ಲಿಂಗ್‌ಹ್ಯಾಮ್‌ನ ಹೋಟೆಲಿನಲ್ಲಿ ಇಳಿದು, ಡೆಂಜಿಲ್ ಜೊತೆ ಮನೆಗೆ ಬಂದಳು. ಬಿಳಿ ಕೈಗವಸು ಹಾಕಿಕೊಂಡು ಅಂಗಿಯನ್ನು ಕೂಸನ್ನು ಎತ್ತುವ ಹಾಗೆ ಎತ್ತಿದಳು. ಕೊರಳಪಟ್ಟಿ ಮಗುಚಿದಳು. ಇಲ್ಲಿ ಹೆಸರಿತ್ತಲ್ಲ ಎಂದಳು. ಕೊಳೆಯ ಜೊತೆ ಹೋಯಿತು, ಈಗ ಕ್ಲೀನ್ ಮೇಡಂ ಎಂದೆ. ಅವಳು ಸಿಟ್ಟು ಮಾಡಲಿಲ್ಲ. ಕುರ್ಚಿಯ ಮೇಲೆ ಕೂತು, ಕೈಗವಸಿನ ಒಂದೊಂದೇ ಬೆರಳು ಎಳೆದು ಬಿಚ್ಚಿದಳು. ಇದನ್ನು ಕುಣಿಯುತ್ತಿದ್ದವರೂ ತೊಳೆಯುತ್ತಿರಲಿಲ್ಲ, ಬ್ರಷ್ ಮಾಡಿ ಗಾಳಿಗೆ ಹಾಕುತ್ತಿದ್ದರು, ಯಾರು ತೊಟ್ಟದ್ದು ಎಂದು ಇನ್ನು ಯಾರೂ ಹೇಳಲಾರರು, ಈಗ ಇದು ಹಳೇ ರೇಷ್ಮೆ ಅಷ್ಟೇ ಎಂದಳು. ಒಂದು ಲೋಟ ನೀರು ಕುಡಿದು ಹೊರಟಳು. ಡೆಂಜಿಲ್ ಮೆಟ್ಟಿಲ ಹತ್ತಿರ ತಿರುಗಿ ನಿಂತು, "ಮಾಸ್ಟರ್, ಒಂದ್ ಮಾತ್ ನನ್ನ ಕೇಳ್ಬಾರ್ದಿತ್ತಾ" ಎಂದ. ಅವನದೇನೂ ಮೋಸವಿಲ್ಲ, ಅವನನ್ನು ಅನ್ನುವ ಹಾಗಿಲ್ಲ.

ಅವರು ಹೋದಮೇಲೆ ನೆನಪಾಯಿತು. "ಬೆವರಿನ ಕಲೆನೇ ಪ್ರೂಫ್ ಚಿಕ್ಕಪ್ಪಾ, ಅದನ್ನೇ ನಾವು ಕಾಪಾಡೋದು" ಎಂದು ನೀನು ಹೇಳಿದ್ದೆ. ನಾನು, "ಬೆವರು ಕಾಪಾಡೋಕೆ ಅಷ್ಟು ದುಡ್ಡು ಕೊಟ್ಟು ಲಂಡನ್ನಿಗೆ ಹೋಗ್ಬೇಕೇನೇ, ನಮ್ಮ ಫ್ಯಾಕ್ಟರಿಗೆ ಬಾ" ಎಂದು ನಿನ್ನನ್ನು ಗೇಲಿ ಮಾಡಿದ್ದೆ. ಎಲ್ಲರೂ ನಕ್ಕಿದ್ದರು. ನೀನೂ ನಕ್ಕಿದ್ದೆ.

ವ್ಯಾಪಾರ ಎಂದ ಮೇಲೆ ಕೈ ಕಚ್ಚುವುದು ಇದ್ದದ್ದೇ. ಒಂದೂವರೆ ಲಕ್ಷ ಶಿಲಿಂಗಿನಷ್ಟು ಹೋಗಿದೆ. ಅದೇನು ದೊಡ್ಡದಲ್ಲ, ಧಣಿಯ ಹತ್ತಿರ ಮುಂಗಡ ಕೇಳಿದರೆ ಸರಿಹೋಗುತ್ತದೆ. ಅಂಗಿ ಕೊಳ್ಳಿ ಎಂದು ಒಂದು ಮ್ಯೂಸಿಯಮ್ಮಿಗೂ ಬರೆಯುತ್ತಿದ್ದೇನೆ, ಅವರನ್ನು ಸುಮ್ಮನೆ ಬಿಡುವ ಗಿರಾಕಿ ನಾನಲ್ಲ. ನೀನು ಧೈರ್ಯವಾಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು. ಲಕ್ಷ್ಮೀಶನ ಕೈಯಲ್ಲಿ ಚಿಕ್ಕಮ್ಮ ಹುಣಿಸೆ ಗೊಜ್ಜು, ಚಟ್ನಿಪುಡಿ ಕಳಿಸಿದ್ದಾಳೆ. ನಿನ್ನ ಅಪ್ಪನ ಪುಣ್ಯ ನಿನ್ನನ್ನು ಕಾಯಲಿ.

ನಿನ್ನ ಚಿಕ್ಕಪ್ಪ,
ಗಂಗಾಧರ

ಮರೆತಿದ್ದೆ: ಲಕ್ಷ್ಮೀಶ ಕೆಳಗೆ ಹಾರನ್ ಹೊಡೆಯುತ್ತಿದ್ದಾನೆ. ಪಾರ್ವತಿ ಈ ಕಾಗದ ಓದಿ, ಪೆನ್ನು ಮತ್ತೆ ನನ್ನ ಕೈಗೆ ಕೊಟ್ಟು ಎದುರಿಗೇ ಕೂತಿದ್ದಾಳೆ. ಫೀಸು ಕಟ್ಟಿಲ್ಲ. ಧಣಿ ಮುಂಗಡ ಇಲ್ಲ ಎಂದು ಶುಕ್ರವಾರವೇ ಹೇಳಿಯಾಯಿತು. ಮ್ಯೂಸಿಯಮ್ಮಿನ ಮಾತು ಸುಳ್ಳು. ನೀನು ಕಾಲೇಜಿಗೆ ಹೋಗಿ ಈ ವರ್ಷ ಬಿಡುತ್ತೇನೆಂದು ಬರೆದುಕೊಡು, ರೂಮಿನವರಿಗೂ ಈಗಲೇ ಹೇಳಿಬಿಡು, ಇಲ್ಲದಿದ್ದರೆ ಇನ್ನೊಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ. ಹೋದದ್ದು ಒಂದೂವರೆ ಲಕ್ಷವಲ್ಲ, ನಿನ್ನ ಅಪ್ಪನದು ಪೂರ್ತಿ, ಹದಿಮೂರು ಲಕ್ಷದ ಎಂಬತ್ತು ಸಾವಿರ.