ಹುಸೇನಬಿಯ ನವಿಲು

ನವಲಗುಂದ
೧೮ ನವೆಂಬರ್ ೨೦೨೪

ನನ್ನ ಮುದ್ದಿನ ನಾಜಮೀನ್‌ಗೆ ದಾದಿಯ ತುಂಬು ಮನಸ್ಸಿನ ದುವಾ.

ಆರಾಮ ಇದ್ದೀಯಾ? ಕಲಬುರಗಿಯ ಹಾಸ್ಟೆಲಿನ ಊಟ ಮೈಗೆ ಹತ್ತುತ್ತಿದೆಯೋ ಇಲ್ಲವೋ? ಕೆಮ್ಮು ಪೂರ್ತಿ ಹೋಗುವ ತನಕ ತಣ್ಣೀರು ಮುಟ್ಟಬೇಡ. ನನ್ನ ಮೊಣಕಾಲು ನೋಯುತ್ತವೆ, ಅದು ಸುದ್ದಿಯೇ ಅಲ್ಲ. ಫೋನ್ ಬಿಟ್ಟು ಕಾಗದ ಯಾಕೆ ಅಂದರೆ, ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ.

ವಂಶವೃಕ್ಷ ಬರೆಯುತ್ತೇನೆಂದು ಹೊರಟು ಮನೆಮಂದಿಗೆಲ್ಲ ಕೆಲಸ ಹಚ್ಚಿದ್ದೀ. ನಿಮ್ಮ ಅಬ್ಬಾ ಆಸೀಫ್ ತಾಲ್ಲೂಕು ಕಚೇರಿಯಲ್ಲಿ ಹೊಲದ ಹಳೆಯ ದಾಖಲೆ ತೆಗೆಸಿದ, ಶಾಲೆಯಲ್ಲಿ ಹಳೆಯ ಹಾಜರಿ ನೋಡಿ ಬಂದ, ಖಬರಸ್ತಾನದ ಕಲ್ಲುಗಳನ್ನು ತೊಳೆದು ಫೋಟೋ ತೆಗೆದ. ಎಲ್ಲ ಕಡೆ ಗಂಡಸರೇ. ನಿಮ್ಮ ದಾದಾನ ಅಜ್ಜನ ಹೆಸರೂ ಸಿಕ್ಕಿತು, ಆದರೆ ಹೆಂಗಸರದು ಒಂದೂ ಇಲ್ಲ. "ಆ ಕಾಲದ ಒಬ್ಬ ಹೆಣ್ಮಗಳ ಹೆಸರಾದ್ರೂ ಹುಡುಕಿ ಕೊಡು ದಾದಿ" ಅಂತ ನೀನು ನನಗೆ ಗಂಟು ಬಿದ್ದದ್ದು ಅದಕ್ಕೇ.

ಮೊರಬಕ್ಕೆ ಗೆಳತಿ ನಂದಾಳ ಮದುವೆಗೆ ಹೋದಾಗ, ಬಾಜೂ ಮನೆಯ ಯಾಕೂಬಸಾಬರು ಹಾಸಿ ಕೂರಿಸಿದ ಹಳೆಯ ಜಮಖಾನದಲ್ಲಿ ನಮ್ಮ ಮನೆಯ ಮಗ್ಗದಲ್ಲಿ ನೇಯುವಂಥದೇ ನವಿಲು ಕಂಡೆಯಲ್ಲ, ಕುತ್ತಿಗೆಯನ್ನು ಹಿಂದಕ್ಕೆ ಹೊರಳಿಸಿದ್ದು. ಕಂಡದ್ದೇ ತಡ, ನಮ್ಮ ಹಿರಿಯಜ್ಜಿಯ ತವರು ಇದೇ, ನವಿಲು ಇಲ್ಲಿಂದಲೇ ಬಂತು ಅಂತ ಬರೆದೂಬಿಟ್ಟೆ. ಜಾಣೆ, ಆದರೆ ಹುಚ್ಚಿ. ನಮ್ಮಲ್ಲಿ ನೇಯ್ಗೆ ತವರಿನಿಂದ ಬರುವುದಿಲ್ಲ. ಸೊಸೆಗೆ ಕಲಿಸುತ್ತಾರೆ, ಮಗಳಿಗೆ ಕಲಿಸುವುದಿಲ್ಲ. ಮಗಳು ಬೇರೆ ಮನೆಗೆ ಹೋಗುವವಳು, ನಮ್ಮ ನಮೂನೆಯೂ ಅವಳ ಹಿಂದೆ ಹೋದೀತು ಅಂತ ಭಯ. ನನಗೆ ಈ ನವಿಲನ್ನು ಕಲಿಸಿದ್ದು ನಮ್ಮ ಅತ್ತೆ. ಮಗಳ ಜೊತೆ ಹೋಗುವುದು ಮದುವೆಗೆ ಕೊಟ್ಟ ಜಮಖಾನ ಮಾತ್ರ. ಹಾಗಾದರೆ ಮೊರಬ ಯಾರ ತವರೂ ಅಲ್ಲ, ನಮ್ಮ ಮನೆಯ ಮಗಳನ್ನು ಕೊಟ್ಟ ಊರು.

ಅದನ್ನೇ ಕೇಳಲು ಮೊಣಕಾಲು ಹಿಡಿದುಕೊಂಡು ಬಸ್ಸು ಹತ್ತಿದೆ. ಯಾಕೂಬಸಾಬರು ಚಹಾ ಕುಡಿಸಿ, "ಹೌದ್ರಿ, ನಿಮ್ಮ ಮನಿ ಮಗಳ ಅಕಿ, ನಮ್ಮ ದಾದಿ. ಹೆಸರು ಹುಸೇನಬಿ" ಅಂದರು. ನಿಮ್ಮ ದಾದಾನ ಅಜ್ಜನಿಗೆ ತಂಗಿಯಂತೆ. ನಾನು ಅಲ್ಲೇ ಎರಡು ಸಲ ಆ ಹೆಸರು ಹೇಳಿಕೊಂಡೆ. ಆಮೇಲೆ ಅವರು ಅಂದದ್ದನ್ನು ಹಾಗೇ ಬರೆಯುತ್ತೇನೆ. "ಮಧ್ಯಾಹ್ನ ಆ ಜಮಖಾನ ಹಾಸ್ಕೊಂಡು ನವಿಲಿನ ಮ್ಯಾಲೆ ಬೆರಳಾಡಸ್ತಿದ್ಲರಿ. ನೇಯಾಕ ಬರ್ತಿರಲಿಲ್ಲ ಅಕಿಗೆ. ತವರಾಗ ಯಾರೂ ಕಲಸಿರಲಿಲ್ಲ ನೋಡ್ರಿ."

ವಂಶವೃಕ್ಷದ ಹಾಳೆಯ ಖಾಲಿ ಜಾಗದಲ್ಲಿ ಅವಳ ಹೆಸರನ್ನು ದೊಡ್ಡದಾಗಿ ಬರೆ. ನಿಮ್ಮ ಅಮ್ಮಿ ಜಹೀರಾಗೆ ಅಂಗನವಾಡಿಯಿಂದ ಬಿಡುವಿಲ್ಲ, ಮಗ್ಗದ ಮುಂದೆ ನಾನೊಬ್ಬಳೇ ಕೂಡುತ್ತೇನೆ. ಎಲ್ಲರೂ ನಿನ್ನನ್ನು ನೆನೆಯುತ್ತಾರೆ. ಅಲ್ಲಾಹ್ ನಿನ್ನನ್ನು ತಂಪಾಗಿ ಇಡಲಿ.

ನಿನ್ನ ದಾದಿ,
ಜುಲೇಖಾಬಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಮಗ್ಗಕ್ಕೆ ಹೊಸ ನೂಲು ಏರಿಸಿದ್ದೇನೆ. ನೀನು ರಜೆಗೆ ಬರುವ ಹೊತ್ತಿಗೆ ನವಿಲಿನ ಕುತ್ತಿಗೆಯ ತನಕ ನೇಯ್ದು ನಿಲ್ಲಿಸಿರುತ್ತೇನೆ. ಅಲ್ಲಿಂದ ಹೇಗೆ ಹೊರಳಿಸಬೇಕು ಅಂತ ನನ್ನ ಬಾಜೂ ಕೂರಿಸಿಕೊಂಡು ನಿನಗೆ ಕಲಿಸುತ್ತೇನೆ. ಅತ್ತೆ ಇದ್ದಿದ್ದರೆ ಬೈಯುತ್ತಿದ್ದರು, ಬೈಯಲಿ. ನೀನು ಯಾವ ಮನೆಗೆ ಹೋದರೂ ನವಿಲು ನಿನ್ನ ಕೈಯಲ್ಲೇ ಬರಲಿ.